ಕೈಯಲ್ಲಿ ಥ್ರೆಡ್ ಹಾಕಲು ಎಂಥ ಹ್ಯಾಂಡಲ್ ಕೊಳ್ಳಬೇಕು?

ಪ್ರಶ್ನೆ: ಐಟಿಐ ಮುಗಿಸಿ ಊರಲ್ಲೇ ಸಣ್ಣ ವೆಲ್ಡಿಂಗ್ ಶಾಪ್ ಇಟ್ಟಿದ್ದೇನೆ. ತೂತಿನೊಳಗೆ ಬೋಲ್ಟ್ ಕೂರುವ ಥ್ರೆಡ್ (ಸುರುಳಿ ಗೀರು) ಕೊರೆಯುವ ಎಂ5, ಎಂ6 (5, 6 ಮಿ.ಮೀ. ಬೋಲ್ಟಿನ) ಟ್ಯಾಪ್‌ಗಳು ಪದೇಪದೇ ಮುರಿಯುತ್ತಿವೆ. ಇರುವುದು ಒಂದೇ ಟ್ಯಾಪ್ ಹ್ಯಾಂಡಲ್, ಒಂದೂಕಾಲು ಅಡಿ ಉದ್ದ. ತಪ್ಪು ಟ್ಯಾಪಿನದೋ ಹ್ಯಾಂಡಲಿನದೋ? ಹೊಸದು ಕೊಳ್ಳುವಾಗ ಏನು ನೋಡಬೇಕು?
– ಒಬ್ಬ ಓದುಗ, ತಿಪಟೂರು

ಉತ್ತರ: ಒಂದೂಕಾಲು ಅಡಿ ಹ್ಯಾಂಡಲ್ ಹಾಕಿ ಎಂ5 ಟ್ಯಾಪ್ ತಿರುಗಿಸ್ತೀರಾ? ಮುರಿಯದಿದ್ದರೇ ಆಶ್ಚರ್ಯ! ಪಾಪ, ಟ್ಯಾಪನ್ನು ಬೈಯಬೇಡಿ. ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಟ್ಯಾಪ್ ಗಡುಸು, ಆದರೆ ಬಾಗುವ ಗುಣ ಇಲ್ಲ. ಸ್ವಲ್ಪ ಓರೆ ಒತ್ತಡ ಬಿದ್ದರೂ ಪಟ್ ಅಂತ ಹೋಗುತ್ತದೆ. ಹ್ಯಾಂಡಲ್ ಉದ್ದ ಇದ್ದಷ್ಟೂ ಬಲ ಜಾಸ್ತಿ. ಟ್ಯಾಪ್ ಒಳಗೆ ಬಿಗಿಯುತ್ತಿದೆ ಅನ್ನೋದು ಕೈಗೆ ತಿಳಿಯುವ ಮೊದಲೇ ಅದು ಎರಡು ತುಂಡು.

ಅದಕ್ಕೇ ಒಂದೇ ಹ್ಯಾಂಡಲಿನಲ್ಲಿ ಎಲ್ಲ ಕೆಲಸ ಆಗುವುದಿಲ್ಲ. ಎಂ6ರವರೆಗೆ ಟಿ ಆಕಾರದ ಚಿಕ್ಕ ಹ್ಯಾಂಡಲ್ ಇಟ್ಟುಕೊಳ್ಳಿ. ಎಂ8ರಿಂದ ಎಂ12ರವರೆಗೆ ಹನ್ನೊಂದು ಇಂಚು ಆಸುಪಾಸಿನ ಎರಡು ಕೈ ಹಿಡಿಯ ಹ್ಯಾಂಡಲ್ ಸಾಕು. ಈಗಿನ ದೊಡ್ಡದು ಇರಲಿ, ಎಂ16ಕ್ಕೆ ಬೇಕಾಗುತ್ತದೆ.

ಕೊಳ್ಳಲು ಹೋಗುವಾಗ ನಿಮ್ಮದೇ ಒಂದು ಟ್ಯಾಪ್ ಜೇಬಿನಲ್ಲಿಟ್ಟುಕೊಂಡು ಹೋಗಿ. ಅದರ ತುದಿಯ ಚೌಕವನ್ನು ಹ್ಯಾಂಡಲಿನ ದವಡೆಗಳ (ಟ್ಯಾಪ್ ಕಚ್ಚಿ ಹಿಡಿಯುವ ಭಾಗ) ನಡುವೆ ಕೂರಿಸಿ, ಹಿಡಿ ತಿರುಗಿಸಿ ಬಿಗಿ ಮಾಡಿ. ಆಮೇಲೆ ಬೆಳಕಿಗೆ ಹಿಡಿದು ನೋಡಿ. ದವಡೆಯ ವಿ ಆಕಾರದ ತೋಡು ಚೌಕದ ನಾಲ್ಕೂ ಮೈಗೆ ಅಂಟಿ ಕೂತಿರಬೇಕು. ಎಲ್ಲಾದರೂ ಬೆಳಕು ಇಣುಕಿದರೆ ಹಿಡಿತ ಬರೀ ಮೂಲೆಗಳ ಮೇಲೆ ಇದೆ ಅಂತ ಅರ್ಥ. ಅಂಥದ್ದು ನಾಲ್ಕು ದಿನದಲ್ಲಿ ಚೌಕದ ಮೂಲೆ ಸವೆಸಿ ಗುಂಡಗೆ ಮಾಡುತ್ತದೆ. ಇನ್ನು ಟ್ಯಾಪ್ ಹಿಡಿದು ಅಲ್ಲಾಡಿಸಿ. ಜಾರುವ ದವಡೆ ಮೇಲೆ ಕೆಳಗೆ ಕುಣಿದರೆ ಸುಮ್ನೆ ವಾಪಸ್ ಕೊಟ್ಟುಬಿಡಿ. ಟ್ಯಾಪ್ ನೇರವಾಗಿ ಇಳಿಯಬೇಕಾದರೆ ಈ ದವಡೆ ಕದಲಬಾರದು.

ಕೈಗೆತ್ತಿಕೊಂಡಾಗ ತೀರಾ ಹಗುರ ಅನ್ನಿಸಿದರೆ ಮೈ ಸತುವಿನ ಎರಕದ್ದಿರಬಹುದು. ನನಗಂತೂ ಅದು ಬೇಡ. ಉಕ್ಕಿನದೇ ಕೇಳಿ, ದವಡೆ ಹಾರ್ಡನ್ ಮಾಡಿದ್ದು. ದವಡೆಯ ಅಂಚಿಗೆ ಹಳೆ ಅರ ಮುಟ್ಟಿಸಿದರೆ ಜಾರಬೇಕು, ಕಚ್ಚಬಾರದು. ಅಂಗಡಿಯವರು ಗೊಣಗುತ್ತಾರೆ, ಗೊಣಗಲಿ ಬಿಡಿ. ದುಡ್ಡು ಕೊಡೋದು ನೀವಲ್ವಾ? ನಿಕಲ್ ಹೊಳಪಿಗೆ ಮಾತ್ರ ಮರುಳಾಗಬೇಡಿ.

ಹ್ಯಾಂಡಲ್ ಬಂದ ಮೇಲೂ ಐಟಿಐನಲ್ಲಿ ಕಲಿತದ್ದು ಬಿಡಬೇಡಿ. ಎರಡು ಕೈಗೂ ಸಮ ಬಲ ಇರಲಿ. ಎರಡು ಸುತ್ತು ಇಳಿದ ಮೇಲೆ ಮೂಲೆಮಟ್ಟ ಇಟ್ಟು ಎರಡು ಕಡೆಯಿಂದ ನೋಡಿ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ; ಚೂರು ತುಂಡಾಗಿ ಉದುರಬೇಕು. ಉಕ್ಕಿಗೆ ಎಣ್ಣೆ ಬಿಡಿ, ಬೀಡು ಕಬ್ಬಿಣಕ್ಕೆ ಬೇಡ.

ಟ್ಯಾಪ್ ಇಳಿಸುವ ಮೊದಲು ತೂತಿಗೆ ಎಷ್ಟರ ಡ್ರಿಲ್ ಹಾಕುತ್ತೀರಿ ಅಂತ ನೀವು ಬರೆದಿಲ್ಲ. ಎಂ6ಕ್ಕೆ 5 ಮಿ.ಮೀ., ಎಂ5ಕ್ಕೆ 4.2 ಮಿ.ಮೀ. ಎಂ5ಕ್ಕೆ 4ರ ಡ್ರಿಲ್ಲೇ ಸಾಕು ಅಂತ ನಡೆಸುತ್ತಿದ್ದರೆ ತೂತು ಬಿಗಿ; ಎಷ್ಟು ಒಳ್ಳೆ ಹ್ಯಾಂಡಲ್ ತಂದರೂ ಟ್ಯಾಪ್ ಉಳಿಯುವುದಿಲ್ಲ.