ಎಡ್ವರ್ಡ್ಸ್ ಸಾಧನೆ ಒಂದು ಬೇಸಿಗೆಯದಲ್ಲ

ಮಾನ್ಯರೇ,

ಬ್ರಿಟನ್ನಿನ ಟ್ರಿಪಲ್ ಜಂಪ್ (ಓಡಿಬಂದು ಸತತ ಮೂರು ನೆಗೆತ) ಪಟು ಜೊನಾಥನ್ ಎಡ್ವರ್ಡ್ಸ್ ಅವರನ್ನು ಕುರಿತ ನಮ್ಮ ಟಿಪ್ಪಣಿಗೆ ನೀವು ಎರಡು ಆಕ್ಷೇಪಗಳನ್ನು ಎತ್ತಿದ್ದೀರಿ. 1995ರ ಜೂನ್‌ನಲ್ಲಿ ಫ್ರಾನ್ಸಿನ ಲೀಲ್ ನಗರದಲ್ಲಿ ಅವರು 18.43 ಮೀಟರ್ ಜಿಗಿದಿರುವಾಗ 18.29 ಮೀಟರನ್ನು ವಿಶ್ವದಾಖಲೆ ಎಂದು ಬರೆದದ್ದು ತಪ್ಪು ಎನ್ನುವುದು ಮೊದಲನೆಯದು. ಒಂದು ಬೇಸಿಗೆಯ ಅದೃಷ್ಟವನ್ನು ನಾವು ಜೀವಮಾನದ ಸಾಧನೆಯೆಂದು ಹೊಗಳಿದ್ದೇವೆ ಎನ್ನುವುದು ಎರಡನೆಯದು.

ಮೊದಲನೆಯದು ನಿಯಮದ ವಿಷಯ. ಜಿಗಿಯುವವರ ಬೆನ್ನ ಹಿಂದಿನಿಂದ ಬೀಸುವ ಗಾಳಿಯ ವೇಗ ಸೆಕೆಂಡಿಗೆ 2 ಮೀಟರನ್ನು ಮೀರಿದರೆ, ಆ ಜಿಗಿತ ಅಂದಿನ ಸ್ಪರ್ಧೆಗೆ ಸಲ್ಲುತ್ತದೆ, ದಾಖಲೆಗೆ ಸಲ್ಲುವುದಿಲ್ಲ. ಲೀಲ್‌ನಲ್ಲಿ ಗಾಳಿಯ ವೇಗ ಸೆಕೆಂಡಿಗೆ 2.4 ಮೀಟರ್ ಇತ್ತು. ಆಗಸ್ಟ್ 7ರಂದು ಸ್ವೀಡನ್ನಿನ ಗೋಥೆನ್‌ಬರ್ಗ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವರು 18.29 ಜಿಗಿದಾಗ ಅದು 1.3 ಮಾತ್ರ.

ಎರಡನೆಯ ಆಕ್ಷೇಪವನ್ನು ನಾನು ಒಪ್ಪಲಾರೆ. ಪಾದ್ರಿಯೊಬ್ಬರ ಮಗನಾದ ಎಡ್ವರ್ಡ್ಸ್ ಭಾನುವಾರ ಸ್ಪರ್ಧಿಸುವುದಿಲ್ಲವೆಂದು ನಿಶ್ಚಯಿಸಿಕೊಂಡಿದ್ದರು. 1991ರ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್‌ನ ಅರ್ಹತಾ ಸುತ್ತು ಭಾನುವಾರ ಬಿದ್ದದ್ದರಿಂದ, ಕ್ರೀಡಾಪಟುವಿನ ಉತ್ತಮ ವಯಸ್ಸಿನಲ್ಲೇ ಅಂಥ ಕೂಟವನ್ನು ಕೈಬಿಟ್ಟರು. ಸೋಲ್ ಮತ್ತು ಬಾರ್ಸಿಲೋನಾ ಒಲಿಂಪಿಕ್ಸ್‌ಗಳಲ್ಲಿ ಅವರಿಗೆ ಫೈನಲ್ ಕೂಡ ದಕ್ಕಲಿಲ್ಲ. 1993ರಲ್ಲಿ ಆ ನಿಶ್ಚಯವನ್ನು ಸಡಿಲಿಸಿ ಸ್ಟುಟ್‌ಗಾರ್ಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದರು. ಮರುವರ್ಷವೇ ಎಪ್‌ಸ್ಟೀನ್-ಬಾರ್ ವೈರಸ್ ಸೋಂಕು ಅವರನ್ನು ಹಣ್ಣುಮಾಡಿತು. 1995 ಬಂದದ್ದು ಇಷ್ಟೆಲ್ಲದರ ನಂತರ, ಅವರಿಗೆ 29 ತುಂಬಿದ್ದಾಗ.

ಆ ವರ್ಷದ ಜುಲೈನಲ್ಲಿ ಸ್ಪೇನಿನ ಸಲಮಾಂಕಾದಲ್ಲಿ 17.98 ಜಿಗಿದು, ಅಮೆರಿಕದ ವಿಲ್ಲಿ ಬ್ಯಾಂಕ್ಸ್ ಅವರ ಹತ್ತು ವರ್ಷದ ದಾಖಲೆಯನ್ನು ಒಂದು ಸೆಂಟಿಮೀಟರಿನಿಂದ ಮುರಿದರು. ಗೋಥೆನ್‌ಬರ್ಗ್‌ನಲ್ಲಿ ಮೊದಲ ಯತ್ನಕ್ಕೆ 18.16, ಎರಡನೆಯದಕ್ಕೆ 18.29. ದಾಖಲೆಗೆ ಸಲ್ಲುವ ಗಾಳಿಯಲ್ಲಿ ಅದುವರೆಗೆ ಯಾರೂ 18 ಮೀಟರ್ ದಾಟಿರಲಿಲ್ಲ. ಆ ಜಿಗಿತವನ್ನು ಬಿಡಿಸಿ ನೋಡಿದರೆ ಹಾಪ್ (ನೆಗೆದ ಕಾಲಿನ ಮೇಲೇ ಇಳಿಯುವುದು) 6.05, ಸ್ಟೆಪ್ (ಇನ್ನೊಂದು ಕಾಲಿನ ಮೇಲೆ ಇಳಿಯುವುದು) 5.22, ಕೊನೆಯ ಜಂಪ್ 7.02 ಮೀಟರ್. ನನ್ನ ಮಟ್ಟಿಗೆ ಸೋಜಿಗವೆಂದರೆ ಈ ಕೊನೆಯ ಅಂಕಿ. ಎರಡು ಸಲ ನೆಲಕ್ಕೆ ಅಪ್ಪಳಿಸಿದ ಮೇಲೂ ಏಳು ಮೀಟರ್ ಹಾರುವಷ್ಟು ವೇಗ ಅವರಲ್ಲಿ ಉಳಿದಿತ್ತು. ತೀರ ಎತ್ತರಕ್ಕೆ ಏಳದೆ, ನೀರಿನ ಮೇಲೆ ಪುಟಿಯುತ್ತ ಸಾಗುವ ಕಪ್ಪೆಗಲ್ಲಿನ ಹಾಗೆ ತಗ್ಗಿನಲ್ಲೇ ಮುಂದಕ್ಕೆ ಚಿಮ್ಮುವುದು ಅವರ ರೀತಿ. ಅದು ವರ್ಷಗಟ್ಟಲೆ ತಿದ್ದಿಕೊಂಡ ಪಾಠ, ಗಾಳಿ ತಂದುಕೊಟ್ಟದ್ದಲ್ಲ.

ಅದೃಷ್ಟವೇ ಆಗಿದ್ದರೆ ಅಲ್ಲಿಗೆ ಮುಗಿಯಬೇಕಿತ್ತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ 17.88 ಜಿಗಿದರೂ, ಅಮೆರಿಕದ ಕೆನ್ನಿ ಹ್ಯಾರಿಸನ್ 18.09 ಜಿಗಿದದ್ದರಿಂದ ಬೆಳ್ಳಿಗೆ ತೃಪ್ತಿಪಡಬೇಕಾಯಿತು. ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಮುಂದಿನ ವರ್ಷ ಅಥೆನ್ಸ್‌ನಲ್ಲಿಯೂ ಬೆಳ್ಳಿ, 1999ರಲ್ಲಿ ಸೆವಿಲ್‌ನಲ್ಲಿ ಕಂಚು. ನೀವು ಪಟ್ಟಿಮಾಡಿದ ಸೋಲುಗಳು ಇವೇ. ಆದರೆ 1998ರ ಯುರೋಪಿಯನ್ ಚಿನ್ನ, 34ನೆಯ ವಯಸ್ಸಿನಲ್ಲಿ ಸಿಡ್ನಿಯಲ್ಲಿ 17.71 ಮೀಟರಿಗೆ ಬಂದ ಒಲಿಂಪಿಕ್ ಚಿನ್ನ, 2001ರ ಎಡ್ಮಂಟನ್ ವಿಶ್ವ ಚಾಂಪಿಯನ್‌ಷಿಪ್ ಮತ್ತು 2002ರ ಮ್ಯಾಂಚೆಸ್ಟರ್ ಕಾಮನ್‌ವೆಲ್ತ್ ಕೂಟದ ಚಿನ್ನಗಳು ನಿಮ್ಮ ಪತ್ರದಲ್ಲಿಲ್ಲ. ನಮ್ಮ ಟಿಪ್ಪಣಿಯೂ ದಾಖಲೆಯ ದಿನಕ್ಕೇ ಜೋತುಬಿದ್ದು ಇವನ್ನು ಬಿಟ್ಟದ್ದು ಲೋಪವೇ ಸರಿ. ನಿಮ್ಮ ಅನುಮಾನಕ್ಕೆ ಅದೂ ಎಡೆಮಾಡಿರಬಹುದು.

ಅವರು 2003ರಲ್ಲಿ ನಿವೃತ್ತರಾದರು. 2015ರಲ್ಲಿ ಬೀಜಿಂಗ್‌ನಲ್ಲಿ ಅಮೆರಿಕದ ಕ್ರಿಶ್ಚಿಯನ್ ಟೇಲರ್ 18.21ಕ್ಕೆ, 2024ರಲ್ಲಿ ರೋಮ್‌ನಲ್ಲಿ ಸ್ಪೇನಿನ ಜೋರ್ಡಾನ್ ಡಿಯಾಜ್ 18.18ಕ್ಕೆ ಬಂದು ನಿಂತರು; 18.29ನ್ನು ದಾಟಲಿಲ್ಲ.

— ಸಂಪಾದಕ