ಹಿಡಿದ ಮೀನನ್ನು ಬಿಡುವುದಾದರೆ ಹಿಡಿಯುವುದೇಕೆ?

ಆಫೀಸಿನವರು ಏಪ್ರಿಲ್ ಕೊನೆಯಲ್ಲಿ ಅಮೆರಿಕದ ಮಿಶಿಗನ್‌ನ ಗ್ರೇಲಿಂಗ್ ಊರಿನ ಹತ್ತಿರ ಔ ಸಾಬಲ್ ನದಿಗೆ ಟ್ರೌಟ್ ಮೀನು ಹಿಡಿಯಲು ಕರೆದಿದ್ದಾರೆ, ಹೋಗಲಾ, ಏನೇನು ಕೊಳ್ಳಬೇಕು, ಹಿಡಿದ ಮೀನನ್ನು ವಾಪಸ್ ಬಿಡುತ್ತಾರಂತೆ ಹೌದಾ ಅಂತ ಕೇಳಿದ್ದೀರಿ. ಹೋಗಿ. ನಾನು ಮಿಶಿಗನ್‌ಗೆ ಬಂದದ್ದು ಜನವರಿಯಲ್ಲಿ. ಮನೆ, ಕಾರು, ಆಫೀಸು ಅಂತ ಕೂತಿದ್ದವನನ್ನು ಹೊರಗೆ ಎಳೆದದ್ದು ಇಂಥದ್ದೇ ಒಂದು ಕರೆ.

ಸಾಮಾನು ಏನೂ ಕೊಳ್ಳಬೇಡಿ, ಈ ಸಲ ಅವರ ಹತ್ತಿರವೇ ಕೇಳಿ ತಗೊಳ್ಳಿ. ಮೀನು ಹಿಡಿಯುವ ಲೈಸೆನ್ಸ್ ಮಾತ್ರ ನಿಮ್ಮದೇ ಇರಬೇಕು. ಊರಲ್ಲಿ ಹೊಳೆಗೆ ಇಳಿಯಲು ಯಾರನ್ನೂ ಕೇಳುತ್ತಿರಲಿಲ್ಲ ಅಲ್ವಾ, ಇಲ್ಲಿ ನೀರಲ್ಲಿ ನಡೆಯಬಹುದು, ಆದರೆ ದಡ ಎಷ್ಟೋ ಕಡೆ ಯಾರದೋ ಸ್ವಂತ ಜಾಗ ಆಗಿರುತ್ತದೆ. ವೀಸಾದಲ್ಲಿರುವವರಿಗೆ ಇಂಥ ಸಣ್ಣ ತಕರಾರೂ ಬೇಡ.

ಎರೆಹುಳದ ಗಾಳ ಮರೆತುಬಿಡಿ. ಇಲ್ಲಿ ಹಾಕುವುದು ಫ್ಲೈ, ಅಂದರೆ ಹುಳದ ಹಾಗೆ ಕಾಣಲು ಗರಿ, ನೂಲು ಸುತ್ತಿದ ಕೊಕ್ಕೆ. ಅದಕ್ಕೆ ತೂಕವೇ ಇಲ್ಲ, ದಪ್ಪ ದಾರದ ಭಾರವೇ ಅದನ್ನು ಮುಂದಕ್ಕೆ ಒಯ್ಯಬೇಕು. ಆ ದಿನಗಳಲ್ಲಿ ಮಧ್ಯಾಹ್ನದ ಹೊತ್ತು ಹೆಂಡ್ರಿಕ್ಸನ್ ಅನ್ನುವ ಹುಳ ನೀರಿನಿಂದ ಎದ್ದು ತೇಲುತ್ತದೆ, ಟ್ರೌಟ್ ಮೇಲೆ ಬಂದು ನುಂಗುತ್ತದೆ. ನಿಮ್ಮ ಫ್ಲೈ ಕೂಡ ಹರಿವಿನಷ್ಟೇ ವೇಗದಲ್ಲಿ ತೇಲಬೇಕು, ದಾರ ಚೂರು ಎಳೆದರೂ ಮೀನು ಮುಟ್ಟುವುದಿಲ್ಲ. ಉಳಿದದ್ದನ್ನು ಅವರೇ ಕಲಿಸುತ್ತಾರೆ.

ಇನ್ನು ಬಿಡುವ ವಿಷಯ. ಬರ್ಟನ್ಸ್ ಲ್ಯಾಂಡಿಂಗ್‌ನಿಂದ ವೇಕ್ಲಿ ಸೇತುವೆವರೆಗಿನ ನದಿಯ ಭಾಗವನ್ನು ಹೋಲಿ ವಾಟರ್ ಅನ್ನುತ್ತಾರೆ. ಅಲ್ಲಿ ಫ್ಲೈ ಬಿಟ್ಟು ಬೇರೇನೂ ಹಾಕುವಂತಿಲ್ಲ, ಒಂದು ಮೀನನ್ನೂ ಇಟ್ಟುಕೊಳ್ಳುವಂತಿಲ್ಲ. ಅಪ್ಪನಿಗೆ ಫೋನಲ್ಲಿ ಇದನ್ನು ಹೇಳಿದಾಗ "ತಿನ್ನಲ್ಲ ಅಂದ್ಮೇಲೆ ಅದರ ಬಾಯಿಗೆ ಯಾಕೋ ಕೊಕ್ಕೆ ಹಾಕ್ತೀಯ?" ಅಂದಿದ್ದರು. ನಕ್ಕು ಮಾತು ತಿರುಗಿಸಿದ್ದೆ. ಆ ಊರಿಗೆ ಹೆಸರು ಕೊಟ್ಟ ಗ್ರೇಲಿಂಗ್ ಮೀನಿನ ಕಥೆ ಗೊತ್ತಾದದ್ದು ಆಮೇಲೆ. ಕಾಡು ಕಡಿದು ದಿಮ್ಮಿಗಳನ್ನು ನದಿಯಲ್ಲೇ ತೇಲಿಬಿಟ್ಟರು, ಮೊಟ್ಟೆ ಇಡುವ ಜಲ್ಲಿ ಹಾಳಾಯಿತು, ಮಿತಿಯಿಲ್ಲದೆ ಹಿಡಿದರು, 1930ರ ದಶಕದ ಹೊತ್ತಿಗೆ ಮಿಶಿಗನ್‌ನಲ್ಲಿ ಅದು ಇಲ್ಲವೇ ಆಯಿತು. ಈಗ ಹಿಡಿಯುವ ಬ್ರೌನ್ ಟ್ರೌಟ್ ಕೂಡ ಇಲ್ಲಿನದ್ದಲ್ಲ, ಜರ್ಮನಿಯಿಂದ ತರಿಸಿದ ಮೊಟ್ಟೆಗಳ ಮರಿಗಳನ್ನು 1884ರಲ್ಲಿ ಈ ರಾಜ್ಯದಲ್ಲಿ ಬಿಟ್ಟರು. ಇಲ್ಲಿನವರು ಮೀನು ಬಿಡುವುದು ಸುಮ್ನೆ ಶೋಕಿಗಲ್ಲ. ಇಷ್ಟನ್ನಾದರೂ ಅಪ್ಪನಿಗೆ ಹೇಳಬೇಕಿತ್ತು, ಅಷ್ಟರಲ್ಲಿ ಅವರು ತೀರಿಕೊಂಡಿದ್ದರು. ಹೇಳಿದ್ದರೂ ಒಪ್ಪುತ್ತಿದ್ದರಾ, ಅನುಮಾನ. ಕೊಕ್ಕೆ ಬಿಡಿಸುವಾಗ ನನಗೂ ಪೂರ್ತಿ ಸಮಾಧಾನ ಇರುವುದಿಲ್ಲ.

ಮೀನು ಸಿಕ್ಕರೆ ಕೈ ಒದ್ದೆ ಮಾಡಿಕೊಂಡೇ ಮುಟ್ಟಿ, ಒಣ ಕೈಗೆ ಅದರ ಮೈಮೇಲಿನ ಲೋಳೆ ಕಿತ್ತುಬರುತ್ತದೆ. ಉಣ್ಣೆಯ ಕಾಲುಚೀಲ ಹಾಕಿಕೊಳ್ಳಿ, ನೀರು ಜಾಸ್ತಿನೇ ತಣ್ಣಗಿರುತ್ತದೆ. ಫೋಟೋಗೆ ಅಂತ ಮೀನನ್ನು ಹೊರಗೆ ಹಿಡಿದು ನಿಲ್ಲಬೇಡಿ, ಮನೆಗೆ ಕಳಿಸಲು ನದಿಯ ಫೋಟೋ ಸಾಕು.