ಡೋಸ್ ಏರಿಸುವ ಮುಂಚೆ ಕಬ್ಬಿಣದ ಅಂಶ ನೋಡಿಸಿ

ಕಿಡ್ನಿ ಕಸಿಯಾದ ನಿಮ್ಮ ತಂದೆಗೆ ಕೆಂಪು ರಕ್ತಕಣ ಹೆಚ್ಚಿಸುವ ಎರಿತ್ರೊಪೊಯೆಟಿನ್ ಇಂಜೆಕ್ಷನ್ ಶುರುವಾಗಿ ಎರಡು ವಾರವಾದರೂ ಹಿಮೋಗ್ಲೋಬಿನ್ 9ರಲ್ಲೇ ಇದೆ, ಡೋಸ್ ಹೆಚ್ಚಿಸಬೇಕಾ ಅಂತ ಕೇಳಿದ್ದೀರಿ. ಇಷ್ಟು ಬೇಗ ಬೇಡ. ಮಜ್ಜೆಯಲ್ಲಿ ಹೊಸ ರಕ್ತಕಣ ತಯಾರಾಗಲು ಸಮಯ ಬೇಕು ಅಲ್ವಾ? ಸಾಮಾನ್ಯವಾಗಿ ನಾಲ್ಕು ವಾರ ನೋಡಿಯೇ ಡೋಸ್ ಏರಿಸುತ್ತಾರೆ. ಎರಡು ವಾರದಲ್ಲಿ ಹಿಮೋಗ್ಲೋಬಿನ್ 1 ಗ್ರಾಂಗಿಂತ ಜಾಸ್ತಿ ಏರಿದರೆ ಡೋಸ್ ಇಳಿಸುತ್ತಾರೆ. ಬೇಕೆಂದೇ 13 ದಾಟಿಸಬಾರದು, ಪಾರ್ಶ್ವವಾಯುವಿನ ಅಪಾಯವಿದೆ. ಬಿಪಿ ಮೇಲೂ ಕಣ್ಣಿಡಿ.

ಮೊದಲು ರಿಪೋರ್ಟಿನಲ್ಲಿ ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಬಳಕೆಗೆ ಸಿಗುವ ಕಬ್ಬಿಣದ ಅಳತೆ) ಎರಡೂ ಇವೆಯಾ ನೋಡಿ. ಕಬ್ಬಿಣ ಸಾಲದಿದ್ದರೆ ಇಂಜೆಕ್ಷನ್ ಎಷ್ಟು ಕೊಟ್ಟರೂ ಅಷ್ಟಾಗಿ ಕೆಲಸ ಮಾಡಲ್ಲ. ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ತಡೆಯುವ ಮೈಕೊಫೆನೊಲೇಟ್, ವೈರಸ್ ಸೋಂಕು ತಡೆಯುವ ವಾಲ್‌ಗ್ಯಾನ್‌ಸೈಕ್ಲೊವಿರ್ ಕೂಡ ರಕ್ತಕಣ ಇಳಿಸಬಲ್ಲವು. ಇವನ್ನು ಕಡಿಮೆ ಮಾಡಬಹುದಾ ಅಂತ ಡಾಕ್ಟರನ್ನೇ ಕೇಳಿ. ದಯವಿಟ್ಟು ನೀವಾಗಿಯೇ ಒಂದು ಮಾತ್ರೆಯನ್ನೂ ನಿಲ್ಲಿಸಬೇಡಿ, ದೇಹ ಹೊಸ ಕಿಡ್ನಿಯನ್ನೇ ತಿರಸ್ಕರಿಸಬಹುದು.